ತಾಳ ಹಾಕುವ ಕೈಗೇ ಲೂಪಿನ ಅಧಿಕಾರ

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದವಳು. ದೇವರನಾಮಗಳನ್ನು ಹಾಡುತ್ತೇನೆ, ಕೊಳಲನ್ನೂ ನುಡಿಸುತ್ತೇನೆ. ಸ್ನೇಹಿತರೊಬ್ಬರು ಮೃದಂಗಕ್ಕೆ ಕೂರುತ್ತಾರೆ. ನನ್ನದೇ ದನಿಯನ್ನು ಪದರ ಪದರವಾಗಿ ಸೇರಿಸಿ ಹಾಡಬೇಕೆಂಬ ಆಸೆಯಿಂದ ಹಾಡಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಒಂದು ಸಿದ್ಧ ಲೂಪ್ ಪೆಡಲ್ ಕೊಂಡೆ. ಮೊದಲ ಕೆಲವು ಆವರ್ತನ (ತಾಳದ ಸುತ್ತು) ಎಲ್ಲವೂ ಸರಿಯಾಗಿ ಕೂರುತ್ತದೆ, ಆಮೇಲೆ ಲೂಪು ಮೃದಂಗದಿಂದ ಜಾರತೊಡಗುತ್ತದೆ. ಮೂರನೆಯ ಪದರ ಸೇರಿಸುವ ಹೊತ್ತಿಗೆ ಎಲ್ಲ ಕಲಸುಮೇಲೋಗರವಾಗಿರುತ್ತದೆ. ಪ್ರೋಗ್ರಾಂ ಮಾಡಬಹುದಾದ ಆಡಿಯೊ ಬೋರ್ಡಿನಲ್ಲಿ ನಾನೇ ಲೂಪರ್ ಕಟ್ಟಿಕೊಂಡು ಮಿಡಿಯಿಂದ (ಸಂಗೀತ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿ) ನಿಯಂತ್ರಿಸಿದರೆ ಇದು ಸರಿಹೋದೀತೆ? ಯಾವ ಬೋರ್ಡು ಕೊಳ್ಳಲಿ? ಏಳು ಅಕ್ಷರದ ಮಿಶ್ರ ಛಾಪುವಿಗೆ ಅದು ಒಗ್ಗುತ್ತದೆಯೆ? ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಪಾಡು ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ.

ಉತ್ತರ: ನಿಮ್ಮ ಪೆಡಲ್ ಕೆಟ್ಟಿಲ್ಲ, ನಿಮ್ಮ ಲಯಕ್ಕೂ ಕೊರತೆಯಿಲ್ಲ. ಇದು ಬರೀ ಲೆಕ್ಕದ ಸಂಗತಿ, ಆದ್ದರಿಂದ ಲೆಕ್ಕವನ್ನೇ ಮೊದಲು ನೋಡೋಣ. ನೀವು ಆದಿ ತಾಳದಲ್ಲಿ, ನಿಮಿಷಕ್ಕೆ 72 ಅಕ್ಷರಗಳ ಕಾಲಪ್ರಮಾಣದಲ್ಲಿ ಹಾಡುತ್ತಿದ್ದೀರಿ ಎಂದುಕೊಳ್ಳಿ. ಎಂಟು ಅಕ್ಷರದ ಒಂದು ಆವರ್ತನಕ್ಕೆ 6.667 ಸೆಕೆಂಡ್ ಬೇಕು. ಪೆಡಲಿಗೆ ಗೊತ್ತಿರುವುದು ಎರಡೇ ಕ್ಷಣ: ನೀವು ಮೊದಲು ಒತ್ತಿದ್ದು, ಎರಡನೆಯ ಸಲ ಒತ್ತಿದ್ದು. ಮೊದಲ ಒತ್ತು ಸಮಕ್ಕೆ, ಅಂದರೆ ಆವರ್ತನದ ಮೊದಲ ಅಕ್ಷರಕ್ಕೆ, ಸರಿಯಾಗಿ ಬಿದ್ದು, ಎರಡನೆಯದು 60 ಮಿಲಿಸೆಕೆಂಡ್ ತಡವಾದರೆ, ಪೆಡಲಿನ ಆವರ್ತನ 6.727 ಸೆಕೆಂಡ್ ಆಗುತ್ತದೆ. ಮೊದಲ ಸುತ್ತಿನಲ್ಲಿ ಈ ವ್ಯತ್ಯಾಸ ಕಿವಿಗೆ ಅಷ್ಟಾಗಿ ತಾಗುವುದಿಲ್ಲ. ಆದರೆ ಅದು ಪ್ರತಿ ಸುತ್ತಿಗೂ ಕೂಡುತ್ತಾ ಹೋಗಿ, ಹದಿನಾಲ್ಕು ಆವರ್ತನ ಮುಗಿಯುವಾಗ, ಅಂದರೆ ಸುಮಾರು ಒಂದೂವರೆ ನಿಮಿಷದಲ್ಲಿ, 840 ಮಿಲಿಸೆಕೆಂಡಿಗೆ ಬಂದು ನಿಲ್ಲುತ್ತದೆ. ಈ ಕಾಲಪ್ರಮಾಣದಲ್ಲಿ ಒಂದು ಅಕ್ಷರದ ಬೆಲೆ 833 ಮಿಲಿಸೆಕೆಂಡ್. ಮೃದಂಗದವರು ಸಮಕ್ಕೆ ಬರುವಾಗ ನಿಮ್ಮ ಲೂಪು ಇನ್ನೂ ಎಂಟನೆಯ ಅಕ್ಷರದಲ್ಲಿರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಿಮ್ಮ ಕಾಲು ಎರಡು ಸಲವೂ ಒಂದೇ ಅಳತೆಯಲ್ಲಿ, ಉದಾಹರಣೆಗೆ 40 ಮಿಲಿಸೆಕೆಂಡಿನಷ್ಟು, ತಡವಾಗಿ ಬಿದ್ದರೆ ಯಾವ ತೊಂದರೆಯೂ ಇಲ್ಲ. ಲೂಪನ್ನು ಸಮದಿಂದ 40 ಮಿಲಿಸೆಕೆಂಡ್ ಆಚೆ ಕತ್ತರಿಸಿದಂತಾಯಿತು, ಅಷ್ಟೆ. ಉದ್ದ ಸರಿಯಾಗಿರುವುದರಿಂದ ಒಳಗಿನ ಪ್ರತಿ ಸ್ವರವೂ ಒಂದು ಆವರ್ತನದ ನಂತರ ತನ್ನ ಜಾಗಕ್ಕೇ ಮರಳುತ್ತದೆ. ಕೆಡಿಸುವುದು ಎರಡು ಒತ್ತುಗಳ ನಡುವಿನ ವ್ಯತ್ಯಾಸ. ಮೊದಲ ಒತ್ತಿನಲ್ಲಿ ಹಾಡು ಎತ್ತಿಕೊಳ್ಳುವ ಗಡಿಬಿಡಿ ಇರುತ್ತದೆ, ಎರಡನೆಯದರಲ್ಲಿ ಸಾಲು ಮುಗಿಸುವ ಎಚ್ಚರ ಇರುತ್ತದೆ; ಇವೆರಡೂ ಒಂದೇ ರೀತಿ ಬೀಳುವುದು ಅಪರೂಪ.

ಈ ಉಪಕರಣಗಳು ಹೀಗಿರುವುದಕ್ಕೆ ಅವುಗಳ ಹುಟ್ಟೇ ಕಾರಣ. 1960ರ ದಶಕದಲ್ಲಿ ಅಮೆರಿಕದ ಸಂಗೀತಗಾರ ಟೆರ್ರಿ ರೈಲಿ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪನ್ನು ಹಾಯಿಸಿ ತನ್ನ ನುಡಿಕೆಯನ್ನೇ ಮರಳಿ ಕೇಳಿಸಿಕೊಳ್ಳುತ್ತಾ ಅದರ ಮೇಲೆ ನುಡಿಸಿದರು. 1970ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಫ್ರಿಪ್ ಗಿಟಾರಿನಲ್ಲಿ ಅದೇ ದಾರಿ ಹಿಡಿದರು. ಆವರ್ತದ ಉದ್ದವನ್ನು ನಿರ್ಧರಿಸುತ್ತಿದ್ದುದು ಎರಡು ಯಂತ್ರಗಳ ನಡುವಿನ ಅಂತರ ಮತ್ತು ಟೇಪಿನ ವೇಗ. 1990ರ ದಶಕದ ಎಕೋಪ್ಲೆಕ್ಸ್ ಡಿಜಿಟಲ್ ಪ್ರೊ ಮೊದಲಾದ ಡಿಜಿಟಲ್ ಲೂಪರುಗಳು ಮಿಡಿ ಗಡಿಯಾರಕ್ಕೆ (ಯಂತ್ರಗಳು ಲಯ ಹೊಂದಿಸಿಕೊಳ್ಳಲು ಕಳಿಸುವ ತುಡಿತ) ಹೊಂದಿಕೊಳ್ಳುವುದನ್ನು ಕಲಿತವಾದರೂ, ಬಹುತೇಕ ಪೆಡಲುಗಳ ಒಳಗಿನ ನಂಬಿಕೆ ಇಂದಿಗೂ ಒಂದೇ: ನುಡಿಸುವವನು ಒಬ್ಬನೇ, ಜೊತೆಯವರಿದ್ದರೆ ಅವರು ಲೂಪನ್ನು ಅನುಸರಿಸುತ್ತಾರೆ. ನಮ್ಮಲ್ಲಿ ಲಯದ ಯಜಮಾನಿಕೆ ತಾಳದ್ದು. ಮೃದಂಗದವರನ್ನು ಯಂತ್ರದ ಹಿಂದೆ ಓಡಿಸಿದರೆ ಅವರ ಕೈಯ ಜೀವವೇ ಹೋಗುತ್ತದೆ. ಯಂತ್ರವೇ ತಾಳದ ಹಿಂದೆ ಬರಬೇಕು. ನೀವೇ ಬೋರ್ಡ್ ಪ್ರೋಗ್ರಾಂ ಮಾಡುವುದರಿಂದ ಸಿಗುವ ನಿಜವಾದ ಲಾಭ ಇದೊಂದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಉಳಿದ ಸೌಕರ್ಯಗಳಿಗಾಗಿ ಇಷ್ಟು ಶ್ರಮಪಡುವ ಅಗತ್ಯವಿಲ್ಲ, ಅವು ಅಂಗಡಿಯ ಪೆಡಲಿನಲ್ಲೇ ಸಿಗುತ್ತವೆ.

ಹಾಗಾದರೆ ಪ್ರೋಗ್ರಾಂ ಏನು ಮಾಡಬೇಕು? ಮೊದಲನೆಯದಾಗಿ, ಒತ್ತಿದ ಮೇಲೆ ರೆಕಾರ್ಡಿಂಗ್ ಆರಂಭಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಬೋರ್ಡಿನ ಮೆಮೊರಿಯಲ್ಲಿ ಒಂದು ನಿಮಿಷದ ವೃತ್ತಾಕಾರದ ಬಫರ್ (ದನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಇಟ್ಟು, ಬೋರ್ಡಿನ ಪೆಟ್ಟಿಗೆ ಚಾಲೂ ಆದ ಕ್ಷಣದಿಂದ ಎಲ್ಲವನ್ನೂ ಅದಕ್ಕೆ ಬರೆಯುತ್ತಲೇ ಇರಬೇಕು. ತುಂಬಿದಾಗ ಹಳೆಯದರ ಮೇಲೆ ಹೊಸದು ಬರುತ್ತದೆ. ಆಗ ನಿಮ್ಮ ಒತ್ತು ಅಪ್ಪಣೆಯಾಗಿ ಉಳಿಯದೆ ಒಂದು ಗುರುತಾಗುತ್ತದೆ. ಗುರುತು ತಡವಾಗಿ ಬಿದ್ದರೂ ಪೆಟ್ಟಿಗೆ ಕಾಲದಲ್ಲಿ ಹಿಂದಕ್ಕೆ ಹೋಗಿ ಬೇಕಾದ ಜಾಗದಿಂದ ದನಿಯನ್ನು ಎತ್ತಿಕೊಳ್ಳಬಲ್ಲದು, ಏಕೆಂದರೆ ಆ ದನಿ ಆಗಲೇ ಅದರ ಬಳಿ ಇದೆ. ಪಲ್ಲವಿಯ ಎಡುಪು (ಹಾಡು ಆರಂಭವಾಗುವ ಜಾಗ) ಸಮದಿಂದ ಅರ್ಧ ಅಕ್ಷರ ಆಚೆಗಿದ್ದರೂ, ಸಮಕ್ಕೆ ಮುಂಚೆಯೇ ಎತ್ತಿಕೊಂಡರೂ, ಇದರಲ್ಲಿ ಏನೂ ಕಳೆದುಹೋಗುವುದಿಲ್ಲ.

ಎರಡನೆಯದಾಗಿ, ಆವರ್ತನದ ಉದ್ದವನ್ನು ಎರಡು ಗುರುತುಗಳಿಂದ ಅಳೆಯಬೇಡಿ. ಐದು ಸಮಗಳನ್ನು ಗುರುತಿಸಿ, ಮೊದಲನೆಯದರಿಂದ ಐದನೆಯದರವರೆಗಿನ ಕಾಲವನ್ನು ನಾಲ್ಕರಿಂದ ಭಾಗಿಸಿ. ಮೊದಲು ಹೇಳಿದ 60 ಮಿಲಿಸೆಕೆಂಡಿನ ತಪ್ಪು ಈಗ ನಾಲ್ಕು ಆವರ್ತನಗಳಿಗೆ ಹಂಚಿಹೋಗಿ 15 ಮಿಲಿಸೆಕೆಂಡ್ ಆಗುತ್ತದೆ. ಈ ನಾಲ್ಕು ಆವರ್ತನಗಳ ಕಾಲ ನೀವು ಪಲ್ಲವಿಯ ಸಾಲನ್ನು ಸಹಜವಾಗಿ ಹಾಡುತ್ತಿರಿ; ಐದನೆಯ ಗುರುತು ಬಿದ್ದಾಗ ಪೆಟ್ಟಿಗೆ ಬಫರಿನಿಂದ ಕೊನೆಯ ಆವರ್ತನವನ್ನು ಎತ್ತಿ ಆಗಲೇ ನುಡಿಸತೊಡಗುತ್ತದೆ.

ಇಷ್ಟಾದರೂ 15 ಮಿಲಿಸೆಕೆಂಡ್ ಹತ್ತು ಆವರ್ತನದಲ್ಲಿ 150 ಆಗುತ್ತದೆ; ಮೇಲಾಗಿ ಮೃದಂಗದ ಲಯವೂ ಕಲ್ಲಿನಂತೆ ನಿಂತಿರುವುದಿಲ್ಲ, ಚರಣಕ್ಕೆ ಬರುವಾಗ ಒಂದಿಷ್ಟು ಬಿಗಿಯಾಗುತ್ತದೆ. ಆದ್ದರಿಂದ ಪ್ರತಿ ಸಮದ ಗುರುತೂ ಪೆಟ್ಟಿಗೆಗೆ ಮುಟ್ಟುತ್ತಿರಬೇಕು, ಅದು ತನ್ನನ್ನು ತಿದ್ದಿಕೊಳ್ಳುತ್ತಿರಬೇಕು. ತಿದ್ದಿಕೊಳ್ಳುವುದಕ್ಕೆ ಎರಡು ದಾರಿಗಳಿವೆ. ಲೂಪಿನ ವೇಗವನ್ನೇ ಕೊಂಚ ಏರಿಳಿಸುವುದು ಮೊದಲನೆಯದು. ನಮ್ಮ ಸಂಗೀತಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ವೇಗ ಶೇಕಡಾ 1ರಷ್ಟು ಬದಲಾದರೆ ಶ್ರುತಿ 17 ಸೆಂಟ್ ಸರಿಯುತ್ತದೆ, ಅಂದರೆ ಎರಡು ಅಕ್ಕಪಕ್ಕದ ಸ್ವರಸ್ಥಾನಗಳ ನಡುವಿನ ಅಂತರದಲ್ಲಿ ಆರರಲ್ಲೊಂದು ಪಾಲು. ತಂಬೂರಿಯ ಪಕ್ಕದಲ್ಲಿ ಅಷ್ಟು ಸರಿದ ಷಡ್ಜವನ್ನು ಯಾವ ಕಿವಿಯೂ ಸಹಿಸುವುದಿಲ್ಲ.

ಎರಡನೆಯ ದಾರಿ ವೇಗವನ್ನು ಮುಟ್ಟದೆ ಲೂಪಿನ ಆರಂಭವನ್ನು ಮಾತ್ರ ಹಿಂದೆ ಮುಂದೆ ಸರಿಸುವುದು. ಇದನ್ನು ಮಾಡುವಾಗ ಬಹಳ ಜನ ಎಡವುವ ಜಾಗವೊಂದಿದೆ. ಸಮದ ಗುರುತು ಬಂದ ಕ್ಷಣವೇ ಲೂಪನ್ನು ಮೊದಲಿಗೆ ಎಳೆದುಬಿಟ್ಟರೆ, ಸಮಕ್ಕೆ ಬಿದ್ದ ಸ್ವರದ ನೆತ್ತಿಯ ಮೇಲೇ ಕತ್ತರಿ ಬೀಳುತ್ತದೆ. ಅಲ್ಲೊಂದು ಟಕ್ಕೆಂಬ ಸದ್ದೋ ಎರಡು ಸಲ ಉಗ್ಗಿದ ಅಕ್ಷರವೋ ಕೇಳುತ್ತದೆ. ಅಳೆಯುವುದು ಸಮದಲ್ಲಿ, ತಿದ್ದುವುದು ಉಸಿರಿನಲ್ಲಿ ಆಗಬೇಕು. ನೀವು ಸಾಲು ಹಾಡುವಾಗ ಆವರ್ತನದ ಕೊನೆಯ ಅರ್ಧ ಅಕ್ಷರವನ್ನು ಉಸಿರಿಗೆಂದು ಬಿಡುವ ಅಭ್ಯಾಸ ಮಾಡಿಕೊಳ್ಳಿ, ಲೂಪಿನ ಹೊಲಿಗೆಯನ್ನು, ಅಂದರೆ ಅದರ ಕೊನೆ ಮೊದಲಿಗೆ ಸೇರುವ ಜಾಗವನ್ನು, ಆ ಮೌನದಲ್ಲಿ ಇಡಿ. ಈ ಸಮದಲ್ಲಿ 20 ಮಿಲಿಸೆಕೆಂಡ್ ವ್ಯತ್ಯಾಸ ಕಂಡರೆ, ಮುಂದಿನ ಹೊಲಿಗೆಗೆ ಬಂದಾಗ ಮೌನವನ್ನು 20 ಮಿಲಿಸೆಕೆಂಡ್ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ಹೊಲಿಗೆಯ ಎರಡು ಬದಿಗಳನ್ನೂ 10 ಮಿಲಿಸೆಕೆಂಡಿನಷ್ಟು ಒಂದರ ಮೇಲೊಂದು ಇಳಿಸಿ ಏರಿಸಿದರೆ ಕತ್ತರಿಸಿದ್ದು ತಿಳಿಯುವುದೇ ಇಲ್ಲ.

ಈಗ ಗುರುತು ಹಾಕುವವರು ಯಾರು ಎಂಬ ಪ್ರಶ್ನೆ. ಕಾಲಿನ ಪೆಡಲುಗಳೆಲ್ಲ ನಿಂತು ನುಡಿಸುವವರಿಗಾಗಿ ಹುಟ್ಟಿದವು. ನಾವು ಚಕ್ಕಳಮಕ್ಕಳ ಹಾಕಿ ಕೂರುವವರು. ಹಾಡುವಾಗ ತೊಡೆಯ ಮೇಲೆ ತಾಳ ಹಾಕುವ ಕೈಯೊಂದು ನಿಮಗೆ ಆಗಲೇ ಇದೆ, ಅದಕ್ಕಿಂತ ನಿಷ್ಠೆಯ ನಿಯಂತ್ರಕ ಬೇರೊಂದಿಲ್ಲ. ಗಡಿಯಾರದ ಅಲಾರಮ್ಮಿನಲ್ಲಿ ಸದ್ದು ಮಾಡುವ ಹಿತ್ತಾಳೆಯ ತೆಳು ಪೀಜೊ ಬಿಲ್ಲೆಯನ್ನು ಎರಡು ಪದರ ರಬ್ಬರಿನ ನಡುವೆ ಇಟ್ಟು, ಬಟ್ಟೆಯ ಪಟ್ಟಿಯಿಂದ ತೊಡೆಗೆ ಕಟ್ಟಿಕೊಳ್ಳಿ. ಅಂಗೈ ಬಿದ್ದಾಗ ಅದು ಹುಟ್ಟಿಸುವ ವಿದ್ಯುತ್ತನ್ನು ಒಂದು ಪುಟ್ಟ ಬೋರ್ಡು ಓದಿ, ಪೆಟ್ಟಿನ ಬಲವನ್ನು 1ರಿಂದ 127ರ ವರೆಗಿನ ವೆಲಾಸಿಟಿಯಾಗಿಸಿ, ಮಿಡಿ ನೋಟಾಗಿ ಕಳಿಸುತ್ತದೆ. ಬಿಲ್ಲೆಯ ವೋಲ್ಟೇಜು ಬೋರ್ಡಿಗೆ ತಾಳಲಾರದಷ್ಟು ಏರಬಲ್ಲದು, ಆದ್ದರಿಂದ ಅದಕ್ಕೆ ಅಡ್ಡಲಾಗಿ 1 ಮೆಗಾಓಮಿನ ರೆಸಿಸ್ಟರನ್ನೂ ವೋಲ್ಟೇಜನ್ನು ಹಿಡಿದಿಡುವ ಡಯೋಡುಗಳನ್ನೂ ಹಾಕುವುದನ್ನು ಮರೆಯಬೇಡಿ.

ನಾನು ಇದನ್ನು ಮೊದಲು ಕಟ್ಟಿ ನೋಡಿದಾಗ ಬಹಳ ಸಂತೋಷ ಕೊಟ್ಟ ಸಂಗತಿಯೊಂದನ್ನು ಹೇಳಲೇಬೇಕು. ಆದಿ ತಾಳದಲ್ಲಿ ಅಂಗೈ ಬೀಳುವುದು ಒಂದು, ಐದು ಮತ್ತು ಏಳನೆಯ ಅಕ್ಷರಗಳಿಗೆ. ನಡುವಿನ ಬೆರಳೆಣಿಕೆಯ ತಟ್ಟು ತೀರ ಹಗುರ, ಬೀಸನ್ನು ಗಾಳಿಯಲ್ಲೇ ಬಿಟ್ಟರೆ ಅದಕ್ಕೆ ಸದ್ದೇ ಇಲ್ಲ. ಹಗುರವಾದವನ್ನು ವೆಲಾಸಿಟಿಯ ಮಿತಿಯಿಂದ ಸೋಸಿ ತೆಗೆದರೆ ಉಳಿಯುವ ಪೆಟ್ಟುಗಳ ನಡುವಿನ ಅಂತರ ನಾಲ್ಕು, ಎರಡು, ಎರಡು. ಉದ್ದದ ಅಂತರ ಯಾವ ಪೆಟ್ಟಿನಿಂದ ಆರಂಭವಾಗುತ್ತದೆಯೋ ಅದೇ ಸಮ. ನೀವು ಏನನ್ನೂ ಒತ್ತದೆ, ಹೇಳದೆ, ಪೆಟ್ಟಿಗೆ ಒಂದೆರಡು ಆವರ್ತನದಲ್ಲಿ ಸಮವನ್ನು ತಾನೇ ಕಂಡುಕೊಳ್ಳುತ್ತದೆ. ಲಘು, ದ್ರುತ ಎಂಬ ತಾಳದ ಅಂಗಗಳ ಈ ಏರ್ಪಾಡಿನಲ್ಲಿ ಯಂತ್ರ ಓದಬಲ್ಲ ಸಂಕೇತವೊಂದು ಇಷ್ಟು ಕಾಲ ಸುಮ್ಮನೆ ಕುಳಿತಿತ್ತು. ಕೊಳಲು ಹಿಡಿದಾಗ ಕೈ ಬಿಡುವಿರುವುದಿಲ್ಲವಾದ್ದರಿಂದ ಅದೇ ಬಿಲ್ಲೆಯನ್ನು ಕಾಲ್ಬೆರಳಿನ ಕೆಳಗೆ ಇಟ್ಟುಕೊಂಡು ಸಮಕ್ಕೆ ಮಾತ್ರ ತಟ್ಟಿರಿ.

ಮಿಶ್ರ ಛಾಪು ಚೆನ್ನಾಗಿಯೇ ಒಗ್ಗುತ್ತದೆ. ಅದರ ಕೈ ಹಾಕುವ ಕ್ರಮ ಒಬ್ಬೊಬ್ಬರದು ಒಂದೊಂದು ರೀತಿ ಇರುವುದರಿಂದ ಅಂತರ ನೋಡಿ ಸಮ ಹುಡುಕುವ ಉಪಾಯವನ್ನು ಅಲ್ಲಿ ನೆಚ್ಚಬೇಡಿ. ಸಮಕ್ಕೆ ಮಾತ್ರ ಗಟ್ಟಿ ಪೆಟ್ಟು ಕೊಡಿ. ಸಿದ್ಧ ಪೆಡಲುಗಳಲ್ಲಿ ತೊಂದರೆ ಬರುವುದು ಅವುಗಳಲ್ಲಿ ಹಲವು ಎಲ್ಲವನ್ನೂ ನಾಲ್ಕರ ಗುಣಕದಲ್ಲಿ ಎಣಿಸುವುದರಿಂದ. ನಿಮ್ಮ ಪ್ರೋಗ್ರಾಮಿನಲ್ಲಿ ಆವರ್ತನವೆಂಬುದು ಬರೀ ಸ್ಯಾಂಪಲ್ಲುಗಳ (ದನಿಯನ್ನು ಅಂಕಿಯಾಗಿ ಅಳೆದ ಒಂದೊಂದು ಕ್ಷಣದ ಬೆಲೆ) ಒಂದು ಸಂಖ್ಯೆ, ಅದರೊಳಗೆ ಏಳು ಅಕ್ಷರವಿದ್ದರೇನು, ಹತ್ತಿದ್ದರೇನು.

ಬೇರೊಂದು ಯಂತ್ರಕ್ಕೆ, ಉದಾಹರಣೆಗೆ ಪ್ರತಿಧ್ವನಿಯ ಪೆಡಲಿಗೆ, ನೀವು ಮಿಡಿ ಗಡಿಯಾರ ಕಳಿಸಬೇಕೆಂದಾಗ ಮಾತ್ರ ಲೆಕ್ಕ ಬಿಗಿಯಾಗುತ್ತದೆ. ಮಿಡಿಯಲ್ಲಿ ಒಂದು ಎಣಿಕೆಗೆ 24 ತುಡಿತಗಳು. ಅಕ್ಷರವನ್ನು ಒಂದು ಎಣಿಕೆಯಾಗಿ ಹಿಡಿದರೆ ಆದಿ ತಾಳಕ್ಕೆ 192, ಮಿಶ್ರ ಛಾಪುವಿಗೆ 168. ಸೆಕೆಂಡಿಗೆ 48,000 ಸ್ಯಾಂಪಲ್ಲಿನ ವೇಗದಲ್ಲಿ ನಮ್ಮ ಆದಿ ತಾಳದ ಆವರ್ತನ 3,20,000 ಸ್ಯಾಂಪಲ್. ಅದನ್ನು 192ರಿಂದ ಭಾಗಿಸಿದರೆ 1,666 ಬಂದು ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಪ್ರೋಗ್ರಾಮಿನಲ್ಲಿ ಪೂರ್ಣಾಂಕದ ಭಾಗಾಕಾರ ಬರೆದವರು ಈ ಪಾಲನ್ನು ತಿಳಿಯದೆ ಎಸೆದುಬಿಡುತ್ತಾರೆ. ಒಂದು ತುಡಿತಕ್ಕೆ ಅದು ಏನೂ ಅಲ್ಲ, ಒಂದು ಆವರ್ತನಕ್ಕೆ 128 ಸ್ಯಾಂಪಲ್, ಹತ್ತು ನಿಮಿಷದ ತೊಂಬತ್ತು ಆವರ್ತನಕ್ಕೆ 240 ಮಿಲಿಸೆಕೆಂಡ್. ಉಳಿದ ಪಾಲನ್ನು ಒಂದು ಚರದಲ್ಲಿ ಕೂಡಿಸುತ್ತಾ ಹೋಗಿ, ಅದು ಒಂದನ್ನು ಮುಟ್ಟಿದಾಗ ಅಥವಾ ಮೀರಿದಾಗ ಆ ತುಡಿತಕ್ಕೆ ಒಂದು ಸ್ಯಾಂಪಲ್ ಸೇರಿಸಿ, ಚರದಿಂದ ಒಂದನ್ನು ಕಳೆಯಿರಿ. ಅಳತೆಗೆಲ್ಲ ಸ್ಯಾಂಪಲ್ಲುಗಳನ್ನೇ ಬಳಸಿ, ಮಿಲಿಸೆಕೆಂಡಿನ ಗಡಿಯಾರವನ್ನು ನಡುವೆ ತರಬೇಡಿ.

ಇನ್ನು ಕಲಸುಮೇಲೋಗರದ ಮಾತು. ಇದಕ್ಕೆ ಲೂಪಿನ ಜಾರುವಿಕೆ ಅರ್ಧ ಕಾರಣ, ಮಿಕ್ಕ ಅರ್ಧ ನಿಮ್ಮ ಮೈಕು. ನೀವು ಹಾಡಿದ್ದನ್ನು ರೆಕಾರ್ಡ್ ಮಾಡುವಾಗ ಪಕ್ಕದ ಮೃದಂಗವೂ ಆ ಮೈಕಿಗೆ ಸೇರಿಕೊಂಡಿರುತ್ತದೆ. ಲೂಪು ಮರಳಿದಾಗ ವೇದಿಕೆಯಲ್ಲಿ ಎರಡು ಮೃದಂಗ, ಮೂರನೆಯ ಪದರಕ್ಕೆ ಬರುವಾಗ ನಾಲ್ಕು. ಅವು ಒಂದಕ್ಕೊಂದು ಕೂದಲೆಳೆಯಷ್ಟು ಹಿಂದೆ ಮುಂದೆ. ಸ್ಪೀಕರಿನಿಂದ ಬರುವ ಹಳೆಯ ಪದರಗಳೂ ಮತ್ತೆ ಮೈಕಿಗೆ ಬಿದ್ದು ಹೊಸ ಪದರಕ್ಕೆ ಸೇರುತ್ತವೆ. ಯಾವ ಪ್ರೋಗ್ರಾಮೂ ಇದನ್ನು ಆಮೇಲೆ ಬಿಡಿಸಲಾರದು. ಮುಂಭಾಗದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕನ್ನು ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಇಡಿ, ಲೂಪನ್ನು ಒಂದು ಕಿವಿಯ ಇಯರ್‌ಫೋನಿನಲ್ಲಿ ಕೇಳಿಸಿಕೊಳ್ಳಿ, ಮತ್ತು ಪದರ ತುಂಬುವ ಆವರ್ತನಗಳಲ್ಲಿ ಮೃದಂಗದವರನ್ನು ಸುಮ್ಮನಿರಲು ಕೇಳಿಕೊಳ್ಳಿ. ಪಲ್ಲವಿಯ ಮೊದಲ ಸಾಲಿಗೆ ಕಾದು, ಆಮೇಲೆ ಎತ್ತಿಕೊಳ್ಳುವುದು ಹೇಗೂ ನಮ್ಮ ರೂಢಿಯಲ್ಲೇ ಇದೆ. ಲೂಪು ಕಟ್ಟಿದ ಮೇಲೆ ಮೃದಂಗ ಸೇರಿದಾಗ ಅದರ ಪ್ರವೇಶಕ್ಕೂ ಒಂದು ಕಳೆ ಬರುತ್ತದೆ.

ಒಂದೇ ಶ್ರುತಿಯಲ್ಲಿ ಒಂದೇ ಬಲದ ನಾಲ್ಕು ಪದರಗಳು ಕೂಡಿದರೆ ಮಟ್ಟ 12 ಡೆಸಿಬೆಲ್ ವರೆಗೆ ಏರಬಹುದಾದ್ದರಿಂದ ಅಷ್ಟು ಜಾಗವನ್ನು ಮೊದಲೇ ಬಿಟ್ಟಿರಿ. ಹೊಸ ಪದರ ಸೇರಿಸುವ ಪ್ರತಿ ಸುತ್ತಿನಲ್ಲಿ ಹಳೆಯದನ್ನು 0.95ರಿಂದ ಗುಣಿಸಿದರೆ ಹದಿನಾಲ್ಕು ಸುತ್ತಿನಲ್ಲಿ ಅದು ಅರ್ಧಕ್ಕೆ ಇಳಿದು ಹಿನ್ನೆಲೆಗೆ ಸರಿಯುತ್ತದೆ. ಏನನ್ನು ಲೂಪಿಗೆ ಕೊಡಬೇಕೆಂಬುದರಲ್ಲಿ ನನಗೊಂದು ನಿಶ್ಚಿತ ಅಭಿಪ್ರಾಯವಿದೆ: ಗಮಕ ತುಂಬಿದ ಸಂಗತಿಯನ್ನು ಕೊಡಬೇಡಿ. ಅದೇ ಕಂಪಿತ (ಸ್ವರವನ್ನು ಅಲುಗಿಸುವ ಗಮಕ) ಕೂದಲೂ ಕೊಂಕದೆ ಹತ್ತನೆಯ ಸಲ ಕೇಳಿದಾಗ ರಾಗ ಬಾಡಿಹೋಗುತ್ತದೆ. ನೇರವಾಗಿ ನಿಂತ ಸ್ವರಗಳು, ಸರ್ವಲಘುವಿನ ಸರಳ ನಡೆಯಲ್ಲಿ ಸಾಗುವ ಸಣ್ಣ ಸೊಲ್ಲು, ಪಲ್ಲವಿಯ ಕೊನೆಯ ಪದವನ್ನು ಎತ್ತಿ ಹಿಡಿಯುವ ಹಿಮ್ಮೇಳ, ಇವು ಲೂಪಿಗೆ ಹೇಳಿ ಮಾಡಿಸಿದವು. ದೀಪಾವಳಿಯ ರಾತ್ರಿ ನಿಮ್ಮೂರ ಕಡೆ ದೀಪ ಹಿಡಿದು ಮನೆ ಮನೆಗೆ ಬರುವ ಅಂಟಿಗೆ ಪಂಟಿಗೆಯವರು ಹಾಡುವುದನ್ನು ಕೇಳಿಸಿಕೊಳ್ಳಿ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವಾಗ ದನಿಗಳು ಒಂದರ ಮೇಲೊಂದು ಎಷ್ಟು ಸಡಿಲವಾಗಿ, ಎಷ್ಟು ಬೆಚ್ಚಗೆ ಕೂರುತ್ತವೆ ಎಂಬುದು ಪದರ ಕಟ್ಟುವವರಿಗೆ ದೊಡ್ಡ ಪಾಠ.

ಪ್ರಯೋಗದ ಮನಸ್ಸಿದ್ದರೆ ಇನ್ನೊಂದು ವಿಷಯವಿದೆ. ಲೂಪನ್ನು ಅರ್ಧ ವೇಗದಲ್ಲಿ ನುಡಿಸಿದರೆ ಮಧ್ಯಷಡ್ಜ ಮಂದ್ರಷಡ್ಜವಾಗುತ್ತದೆ, ಒಂದು ಆವರ್ತನ ಎರಡಾಗುತ್ತದೆ. ಶ್ರುತಿಯೂ ತಾಳವೂ ಕೆಡುವುದಿಲ್ಲ. ಒಂದೂವರೆ ವೇಗದಲ್ಲಿ ನುಡಿಸಿದರೆ ಷಡ್ಜ ಪಂಚಮವಾಗುತ್ತದೆ, ಎರಡು ಆವರ್ತನದ ಜಾಗದಲ್ಲಿ ಮೂರು ಕೂರುತ್ತವೆ. ಸ್ವರದಲ್ಲಿ ಪಂಚಮವನ್ನು ಕೊಡುವ ಅನುಪಾತವೇ ಲಯದಲ್ಲಿ ತಿಶ್ರವನ್ನು (ಮೂರರ ನಡೆ) ಕೊಡುವುದನ್ನು ಕಿವಿಯಾರೆ ಕೇಳುವುದು ಒಂದು ಬೆರಗು. ಆದರೆ ರಾಗದ ಮೇಲೆ ಕಣ್ಣಿರಲಿ: ಮೋಹನದ ಸ್ವರಗಳನ್ನು ಹೀಗೆ ಪಂಚಮಕ್ಕೆ ಏರಿಸಿದರೆ ಗಾಂಧಾರ ಹೋಗಿ ಕಾಕಲಿ ನಿಷಾದದ ಮೇಲೆ ನಿಲ್ಲುತ್ತದೆ, ಅದು ಮೋಹನದಲ್ಲಿಲ್ಲದ ಸ್ವರ.

ಬೋರ್ಡಿಗೆ ಬರೋಣ. ನಿಮಗೆ ನಾನು ಹೇಳುವುದು ಡೈಸಿ ಸೀಡ್. ಬೆರಳುದ್ದದ ಈ ಬೋರ್ಡಿನಲ್ಲಿ ಆಡಿಯೊವನ್ನು ಅಂಕಿಗೆ, ಅಂಕಿಯನ್ನು ಆಡಿಯೊಗೆ ಪರಿವರ್ತಿಸುವ ಚಿಪ್ಪೂ 64 ಎಂಬಿ ಮೆಮೊರಿಯೂ ಸೇರಿಯೇ ಬರುತ್ತವೆ. ಸೆಕೆಂಡಿಗೆ 48,000 ಸ್ಯಾಂಪಲ್, ಪ್ರತಿ ಸ್ಯಾಂಪಲ್ಲಿಗೆ ನಾಲ್ಕು ಬೈಟ್ ಎಂದರೆ ಒಂದು ಚಾನೆಲ್ಲಿನ ಐದು ಮುಕ್ಕಾಲು ನಿಮಿಷಕ್ಕೂ ಮೀರಿದ ದನಿ ಅದರಲ್ಲಿ ಹಿಡಿಯುತ್ತದೆ. ಒಂದು ನಿಮಿಷದ ವೃತ್ತಾಕಾರದ ಬಫರನ್ನು ಕಳೆದರೂ ನಮ್ಮ ಲೆಕ್ಕದ ನಲವತ್ತಕ್ಕೂ ಹೆಚ್ಚು ಆವರ್ತನಗಳಿಗೆ ಜಾಗ ಉಳಿಯುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯಬಹುದು, ಆರ್ಡುಯಿನೊ ಪರಿಸರದಲ್ಲಿ ಬರೆಯಬಹುದು, ಪ್ಯೂರ್ ಡೇಟಾದಲ್ಲಿ ಚಿತ್ರ ಬಿಡಿಸಿದಂತೆ ಕಟ್ಟಿ ಪರಿವರ್ತಿಸಿಕೊಳ್ಳಲೂಬಹುದು. ಮೇಲೆ ಹೇಳಿದ ಸಮದ ಲೆಕ್ಕಗಳಿಗೆ ಮೊದಲ ದಾರಿಯೇ ಸಲೀಸು. ಡೈಸಿಯ ಒಳಪ್ರವೇಶ ಲೈನ್ ಮಟ್ಟದ್ದಾದ್ದರಿಂದ ಮೈಕಿನ ದುರ್ಬಲ ಸಂಕೇತವನ್ನು ಹಿಗ್ಗಿಸುವ ಪ್ರತ್ಯೇಕ ಪ್ರೀಆಂಪ್ ಬೇಕು. ಟೀನ್ಸಿ 4.1 ಕೂಡ ಒಳ್ಳೆಯ ಬೋರ್ಡು, 600 ಮೆಗಾಹರ್ಟ್ಸ್ ವೇಗದ್ದು, ಅದರ ಆಡಿಯೊ ಲೈಬ್ರರಿ ಕಲಿಯಲು ಬಹಳ ಸುಲಭ. ಆದರೆ ದನಿಯನ್ನು ಒಳಗೆ ಹೊರಗೆ ಸಾಗಿಸುವ ಆಡಿಯೊ ಶೀಲ್ಡ್ ಪ್ರತ್ಯೇಕ. ಒಳಗಿನ ಮೆಮೊರಿ 1 ಎಂಬಿ ಮಾತ್ರ; ಅದರ ಲೈಬ್ರರಿಯ ಲೆಕ್ಕದಂತೆ ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿಯೊಂದಕ್ಕೆ ಎರಡೇ ಬೈಟ್ ಎಂದು ಹಿಡಿದರೂ ಹನ್ನೆರಡು ಸೆಕೆಂಡಿಗೂ ಸಾಲದು. ಅಡಿಯಲ್ಲಿ 8 ಎಂಬಿಯ ಎರಡು ಪಿಎಸ್‌ರ್ಯಾಮ್ (ಹೆಚ್ಚುವರಿ ಮೆಮೊರಿ) ಚಿಪ್ಪುಗಳನ್ನು ನೀವೇ ಬೆಸುಗೆ ಹಾಕಿದರೆ ಅದೇ ಲೆಕ್ಕದಲ್ಲಿ ಮೂರು ನಿಮಿಷ ದಾಟುತ್ತದೆ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಸೂಪರ್‌ಲೂಪರ್ ಎಂಬ ಉಚಿತ ತಂತ್ರಾಂಶವನ್ನು ಓಡಿಸುವುದು ಮನೆಯ ಅಭ್ಯಾಸಕ್ಕೆ ಅತ್ಯುತ್ತಮ. ವೇದಿಕೆಗೆ ನಾನು ಹೇಳುವುದಿಲ್ಲ. ಸಾಗರ ಪಟ್ಟಣದ ಕಡೆಯ ಒಂದು ಸಭಾಂಗಣದಲ್ಲಿ ಆಷಾಢದ ಒಂದು ಸಂಜೆ ಅಂಥದೇ ಪೆಟ್ಟಿಗೆಯೊಂದಿಗೆ ನಾನು ಕುಳಿತಿದ್ದೆ. ಎರಡನೆಯ ಹಾಡಿನ ನಡುವೆ ಕರೆಂಟ್ ಹೋಯಿತು, ಅರ್ಧ ನಿಮಿಷದಲ್ಲಿ ಬಂತು, ಮತ್ತೆ ಹೋಗಿ ಮತ್ತೆ ಬಂತು. ಅಷ್ಟರಲ್ಲಿ ಮೆಮೊರಿ ಕಾರ್ಡಿನ ಮೇಲಿನ ಫೈಲ್ ವ್ಯವಸ್ಥೆ ಕೆಟ್ಟು ಪೆಟ್ಟಿಗೆ ಏಳಲೇ ಇಲ್ಲ, ಹಾಡುಗಾರ್ತಿ ಉಳಿದ ಕಛೇರಿಯನ್ನು ಬರಿಯ ಗಂಟಲಿನಲ್ಲಿ ಮುಗಿಸಬೇಕಾಯಿತು. ಕಾರ್ಡನ್ನು ಓದಲು ಮಾತ್ರ ಬರುವಂತೆ ಇಟ್ಟಿದ್ದರೆ ಅದು ತಪ್ಪುತ್ತಿತ್ತು, ಆ ಕೆಲಸವನ್ನು ನಾನು ಮಾಡಿರಲಿಲ್ಲ. ಡೈಸಿ, ಟೀನ್ಸಿಯಂಥ ಬೋರ್ಡುಗಳಲ್ಲಿ ಕಾರ್ಯವ್ಯವಸ್ಥೆಯೇ ಇಲ್ಲದಿರುವುದರಿಂದ ಕರೆಂಟ್ ಬಂದೊಡನೆ ಪ್ರೋಗ್ರಾಂ ಮೊದಲ ಸಾಲಿನಿಂದ ಓಡತೊಡಗುತ್ತದೆ. ಲೂಪು ಮಾತ್ರ ಅಳಿಸಿಹೋಗಿರುತ್ತದೆ.

ಅದೂ ಅಳಿಸದಿರಬೇಕಾದರೆ 5 ವೋಲ್ಟಿನ ಪವರ್ ಬ್ಯಾಂಕಿನಿಂದ ನಡೆಸಿ. ಇದರಿಂದ ಗ್ರೌಂಡ್ ಸುತ್ತುವರಿದು ಹುಟ್ಟುವ ಗುಂಯ್ ಸದ್ದೂ ಬಹುಮಟ್ಟಿಗೆ ತಪ್ಪುತ್ತದೆ, ಗುಡುಗು ಸಿಡಿಲಿನ ಭಯವೂ ಕಡಿಮೆ. ಒಂದು ಎಚ್ಚರಿಕೆಯಿದೆ: ಈ ಬೋರ್ಡುಗಳು ಎಳೆಯುವ ವಿದ್ಯುತ್ತು ಎಷ್ಟು ಕಡಿಮೆಯೆಂದರೆ, ಕೆಲವು ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವಾಗಿಯೇ ಆರಿಹೋಗುತ್ತವೆ. ಕೊಳ್ಳುವ ಮುನ್ನ ಬೋರ್ಡನ್ನು ಜೋಡಿಸಿ ಒಂದು ಗಂಟೆ ಬಿಟ್ಟು ನೋಡಿ.

ಪೆಟ್ಟಿಗೆಯನ್ನು ಹಲಸಿನ ಹಲಗೆಯಲ್ಲಿ ಮಾಡಿಸಿದರೆ ಚೆಂದ, ಆದರೆ ಮರ ವಿದ್ಯುತ್ ಗದ್ದಲವನ್ನು ತಡೆಯುವುದಿಲ್ಲ. ಒಳಮೈಗೆಲ್ಲ ತಾಮ್ರದ ಪಟ್ಟಿ ಅಂಟಿಸಿ ಗ್ರೌಂಡಿಗೆ ಸೇರಿಸಿ. ಮಳೆಗಾಲದ ತೇವಕ್ಕೆ ಮೊದಲು ಬಲಿಯಾಗುವುದು ಸ್ವಿಚ್ಚಿನ ಮತ್ತು ಜಾಕಿನ ಸಂಪರ್ಕಗಳು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಚೀಲದೊಂದಿಗೆ ಇಡಿ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಹೊಗೆಯ ಜಿಡ್ಡು ತೇವಕ್ಕಿಂತ ಹೆಚ್ಚು ಕೆಡಿಸುತ್ತದೆ.

ಮಿಡಿಯ ಭಾಗ ಸರಳ. 1983ರಿಂದ ಇಂದಿನವರೆಗೆ ಅದರ ಐದು ಪಿನ್ನಿನ ತಂತಿ ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಓಡುತ್ತಿದೆ. ಮೂರು ಬೈಟಿನ ಒಂದು ಸಂದೇಶಕ್ಕೆ 1 ಮಿಲಿಸೆಕೆಂಡಿಗಿಂತ ತುಸು ಕಡಿಮೆ ಸಾಕು, ತಾಳದ ಕೆಲಸಕ್ಕೆ ಇದು ಧಾರಾಳ. ಒಳಬರುವ ಕಡೆ ಆಪ್ಟೊ ಐಸೊಲೇಟರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸಿ ಎರಡು ಯಂತ್ರಗಳ ವಿದ್ಯುತ್ತನ್ನು ಬೇರೆಯಾಗಿಡುವ ಬಿಡಿಭಾಗ) ಕಡ್ಡಾಯವಾಗಿ ಇರಲಿ. ತೊಡೆಯ ಪಟ್ಟಿಯಿಂದ ಬರುವ ನೋಟುಗಳನ್ನು ಸಮಕ್ಕೆ ಮಾತ್ರ ಮೀಸಲಿಡಿ. ಪದರ ಸೇರಿಸು, ಕೊನೆಯ ಪದರ ತೆಗೆ, ನಿಲ್ಲಿಸು ಎಂಬ ಅಪ್ಪಣೆಗಳಿಗೆ ಮೂರು ಗುಂಡಿಗಳ ಸಣ್ಣ ಹಲಗೆಯೊಂದನ್ನು ಮಾಡಿ, ಅವಕ್ಕೆ ಯಾವ ನಿಗದಿತ ಕೆಲಸವೂ ಇಲ್ಲದ 20ರಿಂದ 31ರ ವರೆಗಿನ ಕಂಟ್ರೋಲ್ ಚೇಂಜ್ (ಮಿಡಿಯ ನಿಯಂತ್ರಣ ಸಂದೇಶ) ಸಂಖ್ಯೆಗಳನ್ನು ಕೊಡಿ. ಈ ಅಪ್ಪಣೆಗಳು ಬಂದ ಕ್ಷಣವೇ ನಡೆಯಬಾರದು, ಮುಂದಿನ ಹೊಲಿಗೆಯವರೆಗೆ ಕಾಯಬೇಕು. ಗುಂಡಿಯ ಲೋಹ ಒತ್ತಿದಾಗ ಕೆಲವು ಮಿಲಿಸೆಕೆಂಡ್ ಅದುರುತ್ತದೆ. ಅದುರು ನಿಂತ ಮೇಲೆ ಓದುವುದಕ್ಕಿಂತ, ಮೊದಲ ತಾಗುವಿಕೆಯನ್ನೇ ಹಿಡಿದು ಮುಂದಿನ 30 ಮಿಲಿಸೆಕೆಂಡನ್ನು ಅಲಕ್ಷಿಸುವುದು ಒಳ್ಳೆಯದು.

ಆರಂಭಿಸುವಾಗ ಪದರಗಳ ಗೊಡವೆಗೆ ಹೋಗಬೇಡಿ. ತೊಡೆಯ ಪಟ್ಟಿಯನ್ನು ಕಟ್ಟಿಕೊಂಡು, ಪೆಟ್ಟಿಗೆ ಪ್ರತಿ ಸಮಕ್ಕೂ ಒಂದು ದೀಪ ಬೆಳಗಿಸುವಷ್ಟನ್ನು ಮಾತ್ರ ಬರೆದು, ನೀವು ತಾಳ ಹಾಕುತ್ತಾ ಸ್ನೇಹಿತರು ಮೃದಂಗ ನುಡಿಸುತ್ತಾ ಆ ದೀಪ ನಿಮ್ಮ ಜೊತೆ ಬರುತ್ತದೆಯೋ ಎಂದು ಒಂದು ವಾರ ನೋಡಿ. ಅದು ಬಂದ ಮೇಲೆ ಒಂದೇ ಪದರದ ಲೂಪು, ಆಮೇಲೆ ಎರಡನೆಯದು. ಎರಡನೆಯದಕ್ಕೆ ಹೋಗುವ ಮುನ್ನ ಒಂದು ಅಳತೆ ಬಾಕಿ ಇರುತ್ತದೆ: ದನಿ ಬೋರ್ಡಿನೊಳಗೆ ಹೋಗಿ ಹೊರಗೆ ಬರುವುದಕ್ಕೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ, ಹೊಸ ಪದರ ಪ್ರತಿ ಸಲವೂ ಅಷ್ಟು ತಡವಾಗಿ ಬರೆಯಲ್ಪಡುತ್ತದೆ. ಹೊರದಾರಿಯನ್ನು ಒಂದು ತಂತಿಯಿಂದ ಒಳದಾರಿಗೇ ಜೋಡಿಸಿ, ಒಂದೇ ಒಂದು ಟಿಕ್ ಸದ್ದನ್ನು ಹೊರಕ್ಕೆ ಕಳಿಸಿ, ಅದು ಮರಳಿ ಬರುವವರೆಗೆ ಎಷ್ಟು ಸ್ಯಾಂಪಲ್ ಆಯಿತೆಂದು ಎಣಿಸಿ. ಪದರ ಬರೆಯುವ ಜಾಗವನ್ನು ಅಷ್ಟು ಹಿಂದಕ್ಕೆ ಸರಿಸಿ, ಆ ಸಂಖ್ಯೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದು ಅಂಟಿಸಿಡಿ. ಬ್ಲಾಕಿನ (ಬೋರ್ಡು ಒಮ್ಮೆಗೆ ಕೈಗೆತ್ತಿಕೊಳ್ಳುವ ಸ್ಯಾಂಪಲ್ಲುಗಳ ಗುಂಪು) ಅಳತೆ ಬದಲಿಸಿದಾಗಲೆಲ್ಲ ಅದನ್ನು ಹೊಸದಾಗಿ ಎಣಿಸಬೇಕಾಗುತ್ತದೆ.